ಹನುಮಪ್ಪನ ಸಹಿ ಕೇಳಿದ ಕಂಪನಿ

ಲಾಕ್‌ಡೌನ್ ಕಳೆದ ಎರಡನೆಯ ಬೇಸಿಗೆ. ಹಾನಗಲ್ಲಿನ ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ನಾನು ಶಾವಿಗೆ ಹೊಸೆಯುತ್ತಿದ್ದೆ. ಹೊಸೆದ ಎಳೆಗಳನ್ನು ಕೋಲಿಗೆ ಹಾಕಿ ಬಿಸಿಲು ಏರುವುದರೊಳಗೆ ಸಾಲು ಮುಗಿಸಬೇಕು. ಹಿಟ್ಟು ಒಣಗಿತೆಂದರೆ ಎಳೆ ತುಂಡಾಗುತ್ತದೆ. ಫೋನ್ ಮೂರು ಸಲ ಬಡಿದುಕೊಂಡಿತು. ನಾಲ್ಕನೆಯ ಸಲ ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದೆ.

“ಅಕ್ಕಾರ, ಗಂಗವ್ವ ಆಯಿ ಹಾಡು ತಗದಾರ್ರಿ,” ಎಂದಳು ನಸೀಮಾ. “ಹನ್ನೊಂದೂ ಹಾಡು. ನಾವು ಕದ್ದೇವಂತ.”

ಆಗ ನಾನು ‘ಓಣಿಪದ’ ಎಂಬ ಸಂಗೀತ ಸ್ಟ್ರೀಮಿಂಗ್ ಕಂಪನಿಯಲ್ಲಿ ಕ್ಯಾಟಲಾಗರ್ ಆಗಿದ್ದೆ, ಈಗಲೂ ಆಗಿದ್ದೇನೆ. ಕಂಪನಿ ಎಂದೊಡನೆ ಗಾಜಿನ ಕಟ್ಟಡವನ್ನು ನೆನಪಿಸಿಕೊಳ್ಳಬೇಡಿ. ಶಿಗ್ಗಾಂವಿಯಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ಕೋಣೆ, ಅದರೊಳಗೆ ಎರಡು ಕಂಪ್ಯೂಟರ್, ಒಂದು ಮೈಕು. ಸದ್ದು ಗೋಡೆಗೆ ಬಡಿದು ಮರಳಬಾರದೆಂದು ನಾಲ್ಕೂ ಕಡೆ ಕೌದಿ ತೂಗುಹಾಕಿದ್ದೆವು. ಹಳೆ ಸೀರೆ, ಧೋತರದ ತುಂಡು ಜೋಡಿಸಿ ಹೆಂಗಸರು ಹೊಲಿದ ಕೌದಿಗಳು, ಅವುಗಳಲ್ಲಿ ಎರಡು ನನ್ನವು. ಕೆಳಗೆ ಗಿರಣಿ ತಿರುಗುವಾಗ ರೆಕಾರ್ಡಿಂಗ್ ಮಾಡಲಾಗುತ್ತಿರಲಿಲ್ಲ. ಕರೆಂಟು ಹೋಗಿ ಗಿರಣಿ ನಿಂತಾಗ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಹಾಡು ಹಿಡಿಯುತ್ತಿದ್ದೆವು. ಕರೆಂಟು ಹೋದರೆ ಊರಿಗೆಲ್ಲ ಬೇಸರ, ನಮಗೆ ಹಬ್ಬ. ದೇವರು ಕಷ್ಟದ ಜೊತೆಗೇ ಅದರ ದಾರಿಯನ್ನೂ ಇಟ್ಟಿರುತ್ತಾನೆ ಎಂದು ನಾನು ನಂಬಿದ್ದು ಆ ಕೋಣೆಯಲ್ಲೇ.

ಇದನ್ನು ಕಟ್ಟಿದವರು ಸವಣೂರಿನ ದಸ್ತಗೀರಣ್ಣ ಮತ್ತು ಅವರ ಮಗಳು ನಸೀಮಾ. ದಸ್ತಗೀರಣ್ಣನ ತಂದೆಗೆ ಎಲೆಪೇಟೆಯ ಮಗ್ಗುಲಲ್ಲಿ ಕ್ಯಾಸೆಟ್ ಅಂಗಡಿ ಇತ್ತು. ಬೇರೆಯವರು ಸಿನಿಮಾ ಹಾಡು ಮಾರುತ್ತಿದ್ದರೆ ಅವರು ಸೈಕಲ್ಲಿನ ಮೇಲೆ ಟೇಪ್‌ರೆಕಾರ್ಡರ್ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗಿ ಮೊಹರಂ ಹಬ್ಬದ ರಿವಾಯತ ಪದ, ಭಜನೆ, ಹೆಂಗಸರ ಸೋಬಾನೆ, ತೊಟ್ಟಿಲ ಹಾಡು ಹಿಡಿದು ತರುತ್ತಿದ್ದರು. ಅವರದೊಂದು ನೇಮವಿತ್ತು. ಹಾಡಿದವರಿಗೆ ಮೊದಲ ಪ್ರತಿ ಕೊಟ್ಟ ಮೇಲೆಯೇ ಅಂಗಡಿಯಲ್ಲಿ ಎರಡನೆಯದನ್ನು ಇಡುವುದು. ಕ್ಯಾಸೆಟ್ ಕಾಲ ಮುಗಿಯಿತು, ಸಿ.ಡಿ. ಕಾಲವೂ ಮುಗಿಯಿತು. ದಸ್ತಗೀರಣ್ಣ ಕೆಲವು ವರ್ಷ ಜನರ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಟ್ಟರು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಓದಿ ಬಂದ ನಸೀಮಾ, “ಅಬ್ಬಾ, ಜನ ಹಾಡು ತುಂಬಿ ಇಟ್ಟುಕೊಳ್ಳೂದು ಬಿಡಾಕತ್ತಾರ,” ಎಂದಳಂತೆ. ಸ್ಟ್ರೀಮಿಂಗ್ ಎಂದರೆ ಅಷ್ಟೇ. ಮನೆಯಲ್ಲಿ ಕೊಡ ತುಂಬಿಸಿಡುವುದಲ್ಲ, ಬೇಕೆಂದಾಗ ನಳ ತಿರುಗಿಸುವುದು. ನೀರು ಬೇರೆಲ್ಲೋ ಇರುತ್ತದೆ.

ನಾನು ಅಲ್ಲಿಗೆ ಹೋಗಿದ್ದು ಹಾಡಲು. ನಮ್ಮ ಹನುಮಪ್ಪನ ಗುಡಿಯ ಶನಿವಾರದ ಭಜನೆಯವರನ್ನು ಕರೆದಿದ್ದರು. ನನ್ನ ದನಿ ಮೈಕಿಗೆ ಹಿಡಿಸಲಿಲ್ಲ. ಆದರೆ ಬೇರೆಯವರ ಹಾಡು ಕೇಳಿಸಿದಾಗ, ಇದು ಬೀಸುವಾಗಿನದು, ಇದು ಹೆಸರಿಡುವಾಗಿನದು, ಈ ಧಾಟಿ ಹಿರೇಕೆರೂರ ಕಡೆಯದು ಎಂದು ನಾನು ಹೇಳುತ್ತಿದ್ದುದನ್ನು ನಸೀಮಾ ಬರೆದುಕೊಳ್ಳತೊಡಗಿದಳು. ವಾರ ಕಳೆದ ಮೇಲೆ ಕೆಲಸ ಕೊಟ್ಟಳು. ಹತ್ತನೆಯ ಇಯತ್ತೆ ಓದಿ ಇಪ್ಪತ್ತಾರು ವರ್ಷ ಒಲೆಯ ಮುಂದೆ ಕಳೆದವಳಿಗೆ ಹೆಡ್‌ಫೋನು, ಲ್ಯಾಪ್‌ಟಾಪು! ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. “ನಾ ಬಸ್ ಬಿಡತೇನಿ, ನೀ ಹಾಡು ಬಿಡು,” ಎಂದು ನಕ್ಕರು, ಬೇಡವೆನ್ನಲಿಲ್ಲ. ಅದೂ ಒಂದು ದಯೆಯೇ.

ನನ್ನ ಕೆಲಸಕ್ಕೆ ಮೆಟಾಡೇಟಾ ಎಂಬ ದೊಡ್ಡ ಹೆಸರಿದೆ. ಅಡುಗೆಮನೆಯ ಡಬ್ಬಿಗಳ ಮೇಲೆ ಚೀಟಿ ಅಂಟಿಸಿದಂತೆ ಪ್ರತಿ ಹಾಡಿಗೂ ಒಂದು ಚೀಟಿ. ಹಾಡಿನ ಹೆಸರು, ಹಾಡಿದವರು, ಊರು, ಯಾವಾಗ ಹಾಡುತ್ತಾರೆ, ಯಾರ ರಚನೆ. ಚೀಟಿ ತಪ್ಪಿದರೆ ಸಾರಿನ ಪುಡಿ ಎಂದು ಸೀಗೇಪುಡಿ ಹಾಕಿದಂತಾಗುತ್ತದೆ.

ಆ ಚೀಟಿಯಲ್ಲೇ ನಾನು ತಪ್ಪಿದ್ದೆ. ಒಂದಲ್ಲ, ಎರಡು ಕಡೆ.

ಮೊದಲನೆಯದು ಹೀಗೆ. ತಿಳವಳ್ಳಿಯ ಗಂಗವ್ವ ಎಪ್ಪತ್ತೆಂಟು ದಾಟಿದವಳು, ಎಲ್ಲರಿಗೂ ಆಯಿ, ಎಂದರೆ ಅಜ್ಜಿ. ಸುತ್ತಲಿನ ಊರುಗಳಲ್ಲಿ ಅವಳು ಹಾಡದೆ ತೊಟ್ಟಿಲಿಗೆ ಕೂಸು ಹಾಕುತ್ತಿರಲಿಲ್ಲ. ಅವಳ ಹಾಡು ಹಿಡಿದ ದಿನ, “ಆಯಿ, ಇದನ್ನ ಬರದವರು ಯಾರು?” ಎಂದು ಕೇಳಿದೆ. “ಬರಿಯಾಕ ನನಗ ಬರತೈತೇನ ತಂಗಿ? ಹನಮಪ್ಪ ಬಾಯಾಗ ಇಟ್ಟ, ನಾ ಹಾಡಿದೆ,” ಎಂದಳು. ನನಗೆ ಅದು ಸರಿಯಾದ ಉತ್ತರವೆನಿಸಿತು. ನಮ್ಮ ಮನೆಯಲ್ಲೂ ಅಡುಗೆ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ನಾವು ದೇವರ ಹೆಸರು ಹೇಳುತ್ತೇವೆ, ನಮ್ಮದಲ್ಲ. ‘ರಚನೆ’ ಎಂಬ ಖಾನೆಯಲ್ಲಿ ಹನ್ನೊಂದೂ ಹಾಡಿಗೆ ‘ಹನುಮಪ್ಪ, ತಿಳವಳ್ಳಿ’ ಎಂದು ಬರೆದೆ.

ಎರಡನೆಯದು ಇನ್ನೂ ದೊಡ್ಡದು. ನಮ್ಮ ಕಡೆಯ ಹಳೆಯ ಹೆಂಗಸರು ಹಾಡಿಗೆ ಬಾಯಿ ಹಾಕುವ ಮೊದಲು ಯಾರು ಕೊಟ್ಟ ಹಾಡು ಎಂದು ಹೇಳುತ್ತಾರೆ. ಹಾಡು ಕಲಿತವಳು ಕಲಿಸಿದವಳಿಗೆ ಉಡಿ ತುಂಬಿ ಆ ಹಾಡನ್ನು ಪಡೆದಿರುತ್ತಾಳೆ. ಅವಳ ಹೆಸರು, ಅವಳ ತವರು, ಅವಳಿಗೆ ಕೊಟ್ಟವಳ ಹೆಸರು ಹೇಳಿ ಮುಗಿಯಲು ಒಂದು ನಿಮಿಷ ಹಿಡಿಯುತ್ತದೆ. ನಮ್ಮ ಸ್ವಂತ ಆ್ಯಪಿನಲ್ಲಿ ಅದೆಲ್ಲ ಹಾಗೇ ಇತ್ತು. ಕಂಪನಿ ಬೆಳೆದು ಒಂದು ದೊಡ್ಡ ಸ್ಟ್ರೀಮಿಂಗ್ ಸಂಸ್ಥೆ ನಮ್ಮ ಹಾಡುಗಳನ್ನೂ ಹಾಕಿಕೊಳ್ಳಲು ಒಪ್ಪಿದಾಗ ಸಮಸ್ಯೆ ಬಂತು. ಅಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಒಂದು ಹಾಡು ಕೇಳಿದ ಲೆಕ್ಕ. ಜನ ಅಷ್ಟು ಕಾಯದೆ ಮುಂದಿನ ಹಾಡಿಗೆ ಜಿಗಿದುಬಿಡುತ್ತಾರೆ. “ಮೊದಲಿನ ಮಾತು ತಗದ್ರ ಹೆಂಗ್ರಿ ಅಕ್ಕಾರ?” ಎಂದು ನಸೀಮಾ ಅರೆಮನಸ್ಸಿನಿಂದ ಕೇಳಿದಳು. ನಾನು ಪೂರ್ಣ ಮನಸ್ಸಿನಿಂದ ತೆಗೆದೆ. ಸೊಪ್ಪಿನ ಬೇರು ಕತ್ತರಿಸುವಂತೆ ನಾಲ್ಕು ದಿನ ಕುಳಿತು ಕತ್ತರಿಸಿದೆ. ಸ್ವಚ್ಛವಾಯಿತು ಎಂದು ಹೆಮ್ಮೆಯನ್ನೂ ಪಟ್ಟೆ. ಆ ಸಂಸ್ಥೆಗೆ ಕೊಟ್ಟ ಮೇಲೆ, ಎರಡೂ ಕಡೆ ಒಂದೇ ರೀತಿ ಇರಲೆಂದು ನಮ್ಮ ಆ್ಯಪಿನಲ್ಲೂ ಕತ್ತರಿಸಿದ್ದನ್ನೇ ಹಾಕಿದೆವು.

ಈಗ ಬಂದ ನೋಟಿಸಿನ ವಿಷಯ ಇಷ್ಟು. ನಗರದ ಒಂದು ದೊಡ್ಡ ಮ್ಯೂಸಿಕ್ ಕಂಪನಿ ಹಿಂದಿನ ವರ್ಷ ಜಾನಪದ ಹಾಡುಗಳ ಆಲ್ಬಂ ಹೊರತಂದಿತ್ತು. ಅದರಲ್ಲಿ ಗಂಗವ್ವ ಆಯಿಯ ತೊಟ್ಟಿಲ ಹಾಡು, ಕೀಬೋರ್ಡು ಗಿಟಾರು ಸೇರಿಸಿ, ಯಾರೋ ಒಬ್ಬರ ಸಾಹಿತ್ಯ ಎಂದು ಹಾಕಿದ್ದರು. ದೊಡ್ಡ ಸಂಸ್ಥೆಗಳಲ್ಲಿ ಹಾಡಿನ ಬೆರಳಚ್ಚು ಹಿಡಿಯುವ ಯಂತ್ರವಿರುತ್ತದೆ. ಎರಡು ಹಾಡಿನ ಧಾಟಿ ಒಂದೇ ಆಗಿದ್ದರೆ ಮೊದಲು ಹಾಕಿದವರೇ ಯಜಮಾನರು ಎಂದು ಅದು ತಿಳಿಯುತ್ತದೆ. ಆ ಸಂಸ್ಥೆಯಲ್ಲಿ ಅವರ ಆಲ್ಬಂ ಒಂದು ವರ್ಷ ಹಳೆಯದು, ನಮ್ಮ ಹಾಡಿಗೆ ಎರಡು ತಿಂಗಳು. ಒಂದು ಹಾಡಿನ ದೂರಿಗೆ ಆಯಿಯ ಹನ್ನೊಂದನ್ನೂ ತಡೆದಿದ್ದರು. ಏಳು ದಿನದೊಳಗೆ ಉತ್ತರ ಕೊಡದಿದ್ದರೆ ಓಣಿಪದದ ಖಾತೆಯನ್ನೇ ಮುಚ್ಚುವುದಾಗಿ ಬರೆದಿದ್ದರು.

ಕೈತೊಳೆದುಕೊಂಡು ತಿಳವಳ್ಳಿಗೆ ಫೋನ್ ಹಚ್ಚಿದೆ. ಸುದ್ದಿ ಆಗಲೇ ಮುಟ್ಟಿತ್ತು. ಹಾಡು ಒತ್ತಿದರೆ ಆಯಿಯ ಫೋಟೋದ ಕೆಳಗೆ ‘ಹಕ್ಕು ಉಲ್ಲಂಘನೆಗಾಗಿ ತೆಗೆಯಲಾಗಿದೆ’ ಎಂದು ಬರುತ್ತಿತ್ತು. ನಳದ ಹತ್ತಿರ ಅದನ್ನೊಬ್ಬಳು ಓದಿ ಹೇಳಿದ್ದಳಂತೆ.

“ಕದ್ದ ಹಾಡಿನ ಆಯಿ ಬಂದ್ಲು, ಕೊಡ ಜ್ವಾಕಿ, ಅಂದ್ಲವ್ವ,” ಎಂದಳು ಆಯಿ. “ಮುಂದಿನ ಸೋಮವಾರ ಗೌಡರ ಮನ್ಯಾಗ ಕೂಸಿಗೆ ಹೆಸರಿಡೂದೈತಿ. ನಾ ಬರೂದಿಲ್ಲ ಅಂತ ಹೇಳಿ ಕಳಿಸೇನಿ. ಕೂಸಿನ ತೊಟ್ಟಿಲಿಗೆ ಕಳ್ಳ ಬಾಯಿ ಹಾಕಬಾರದು.”

ಐವತ್ತು ವರ್ಷ ತೊಟ್ಟಿಲು ತೂಗಿದ ಬಾಯಿ. ಖಾತೆ ಮುಚ್ಚುವುದು ನಸೀಮಾಳ ಚಿಂತೆಯಾಗಿತ್ತು. ನನ್ನದು ಆ ಸೋಮವಾರ.

ಮರುದಿನ ಶಿಗ್ಗಾಂವಿಯ ಕೋಣೆಯಲ್ಲಿ ಕುಳಿತು ಆ ಮ್ಯೂಸಿಕ್ ಕಂಪನಿಗೆ ಫೋನ್ ಮಾಡಿದೆವು. ಮ್ಯಾನೇಜರು ಮಾತಿನಲ್ಲಿ ಬಹಳ ಮೃದು.

“ಮೇಡಂ, ನಿಮ್ಮ ಡೇಟಾದಲ್ಲಿ ರೈಟರ್ ಹೆಸರು ಹನುಮಪ್ಪ ಅಂತಿದೆ. ಅವರ ಸಹಿ ಇರೋ ಒಂದು ಲೆಟರ್ ಕಳಿಸಿ, ನೋಡೋಣ.”

ದಸ್ತಗೀರಣ್ಣ ಹಣೆ ಹಿಡಿದುಕೊಂಡರು. ನಸೀಮಾ ನನ್ನ ಮುಖ ನೋಡಿದಳು. ಸುಳ್ಳು ಹೇಳಲು ನನಗೆ ಬರುವುದಿಲ್ಲ.

“ಅವರು ಸಹಿ ಮಾಡೂದಿಲ್ರಿ,” ಎಂದೆ.

“ಯಾಕೆ? ಊರಲ್ಲಿಲ್ವಾ?”

“ಊರಾಗ ಅದಾರ್ರಿ. ಶನಿವಾರ ಗುಡಿ ಬಾಗಿಲಾ ತಗದಿರತಾರ, ಬರ್ರಿ. ಕಾಯಿ ಒಡಿಸಿಕೊಂಡು ನೀವ ಕೇಳ್ರಿ.”

ಆ ಕಡೆಯಿಂದ ನಗು ಕೇಳಿಸಿತು. ಅದು ನನಗೆ ಚುಚ್ಚಿತು. ಮೂರು ವರ್ಷ ಹಿಂದೆಯೇ ನಮ್ಮ ಆ್ಯಪಿನಲ್ಲಿ ಈ ಹಾಡು ಇತ್ತು ಎಂದು ನಸೀಮಾ ಹೇಳಿದಳು. “ನಿಮ್ಮ ಆ್ಯಪಿನ ತಾರೀಖು ನೀವೇ ಹಾಕ್ಕೊಂಡಿದ್ದು, ಅದು ಪ್ರೂಫ್ ಆಗಲ್ಲ,” ಎಂದರು. ಕೊನೆಗೆ ದೊಡ್ಡ ಮನಸ್ಸು ಮಾಡಿದವರಂತೆ ಒಂದು ದಾರಿ ತೋರಿಸಿದರು. ಈ ಹಾಡು ಅವರ ಕಂಪನಿಯದೆಂದು ನಾವು ಬರೆದುಕೊಟ್ಟರೆ ದೂರು ಹಿಂತೆಗೆಯುತ್ತಾರೆ, ಉಳಿದ ಹತ್ತು ಹಾಡು ಮರಳಿ ಬರುತ್ತವೆ. ಕಾಗದಕ್ಕೆ ಕ್ಯಾಟಲಾಗರ್ ಸಹಿ ಬೇಕು, ಅಂದರೆ ನನ್ನದು.

“ಅಕ್ಕಾರ,” ಎಂದರು ದಸ್ತಗೀರಣ್ಣ ತಗ್ಗಿದ ದನಿಯಲ್ಲಿ, “ಒಂದು ಹಾಡು ಹೋದ್ರ ಹೋಗಲಿ. ಕಂಪನಿ ಉಳೀತೈತಿ. ನೂರಾರು ಮಂದಿ ದನಿ ಅದ್ರಾಗ ಐತಿ.”

ಅವರ ಮಾತು ತಪ್ಪೆಂದು ಇಂದಿಗೂ ನಾನು ಹೇಳಲಾರೆ. ಆದರೆ ಕೈ ಏಳಲಿಲ್ಲ.

“ಅಣ್ಣಾರ, ನಾ ಸಹಿ ಮಾಡೂದಿಲ್ಲ. ನನ್ನ ಕೆಲಸದಿಂದ ತಗದು, ಬ್ಯಾರೆಯವರ ಕಡೆ ಮಾಡಸ್ರಿ. ಆಯಿ ಕಳ್ಳಿ ಅಂತ ನಾ ಬರದು ಕೊಟ್ಟು ಸಂಜಿಮುಂದ ದೇವರ ಮುಂದ ದೀಪಾ ಹೆಂಗ ಹಚ್ಚಲಿ?”

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. “ನಿನ್ನ ಹನುಮಪ್ಪಗ ಮೊದಲ ಒಂದು ಆಧಾರ್ ಕಾರ್ಡ್ ಮಾಡಸಬೇಕಿತ್ತು ನೋಡು,” ಎಂದರು. ಸಿಟ್ಟು ಬರಬೇಕಿತ್ತು, ನಗು ಬಂತು. ನಕ್ಕ ಮೇಲೆ ತಲೆ ತುಸು ತಿಳಿಯಾಯಿತು. ಆಮೇಲೆ ಅವರು ಕೇಳಿದ್ದು ಸಾದಾ ಪ್ರಶ್ನೆ. “ಆ ಮುದುಕಿಗೆ ಹಾಡು ಕಲಿಸಿದವರು ಯಾರಂತ?”

ಆಯಿ ಅದನ್ನು ಹೇಳಿದ್ದಳು. ಹಾಡಿನ ಮೊದಲಿಗೆ, ಸ್ಪಷ್ಟವಾಗಿ ಹೇಳಿದ್ದಳು. ನಾನೇ ಕತ್ತರಿಸಿದ್ದೆ.

ಇಲ್ಲಿ ನನ್ನ ಒಂದು ಚಾಳಿ ಕೈಹಿಡಿಯಿತು. ನಾನು ಬಟ್ಟೆಯ ತುಂಡು ಎಸೆಯುವವಳಲ್ಲ, ಕೌದಿಗೆ ಬೇಕಾಗುತ್ತದೆ ಎಂದು ಗಂಟು ಕಟ್ಟಿಡುತ್ತೇನೆ. ಲ್ಯಾಪ್‌ಟಾಪಿನಲ್ಲೂ ಹಾಗೇ ಮಾಡಿದ್ದೆ. ಕತ್ತರಿಸಿದ ಮಾತುಗಳನ್ನೆಲ್ಲ ‘ಕೌದಿ’ ಎಂಬ ಫೋಲ್ಡರಿನಲ್ಲಿ ತುರುಕಿಟ್ಟಿದ್ದೆ. ಜಾಗ ತಿನ್ನುತ್ತದೆ, ಅಳಿಸಿಬಿಡಿ ಎಂದು ನಸೀಮಾ ಹೇಳಿದಾಗೆಲ್ಲ ಹೂಂ ಎಂದು ಸುಮ್ಮನಾಗಿದ್ದೆ. ಈಗ ದೇವರನ್ನು ನೆನೆದು ಅದನ್ನು ತೆರೆದೆ. ಹದಿನಾಲ್ಕನೆಯ ತುಂಡಿನಲ್ಲಿ ಆಯಿಯ ದನಿ ಬಂತು.

“ಇದು ಹಿರೇಕೆರೂರ ಚನ್ನವ್ವ ಕೊಟ್ಟ ಹಾಡು. ಆಕಿ ತವರು ಸವಣೂರು. ಆಕಿಗೆ ಆಕಿ ಅತ್ತಿ ಕೊಟ್ಟದ್ದು. ಚನ್ನವ್ವ ಇದನ್ನ ಸವಣೂರ ಸಾಹೇಬರ ಪೆಟಿಗ್ಯಾಗೂ ಹಾಡ್ಯಾಳ. ಆಕಿನ್ನ ನೆನಸಿ ಹಾಡತೇನಿ.”

ಸವಣೂರ ಸಾಹೇಬರ ಪೆಟ್ಟಿಗೆ. ದಸ್ತಗೀರಣ್ಣನ ತಂದೆಯ ಟೇಪ್‌ರೆಕಾರ್ಡರು! ಆ ನಿಮಿಷವೇ ದಸ್ತಗೀರಣ್ಣನಿಗೆ ಫೋನ್ ಮಾಡಿ ಕೇಳಿಸಿದೆ. ಅಂಗಡಿಯ ಕ್ಯಾಸೆಟ್ಟುಗಳನ್ನು ಅವರು ಎಂದೋ ಗುಜರಿ ಕೊಳ್ಳುವ ಮೋಡಕಾದವರಿಗೆ ಹಾಕಿಬಿಟ್ಟಿದ್ದರು. “ಖರೆ, ಹಾಡಿದವರಿಗೆ ಒಂದು ಕೊಟ್ಟಿರತಾರ ಅಬ್ಬಾ,” ಎಂದರು. “ಮೊದಲನೇದು ಅವರದ.”

ಬುಧವಾರ ಬೆಳಿಗ್ಗೆ ಅವರ ವ್ಯಾನಿನಲ್ಲಿ ಹಿರೇಕೆರೂರಿಗೆ ಹೊರಟೆವು. ನಸೀಮಾ ತೊಡೆಯ ಮೇಲೆ ಹಳೆಯ ಟೇಪ್‌ರೆಕಾರ್ಡರ್ ಇಟ್ಟುಕೊಂಡಿದ್ದಳು. ಚನ್ನವ್ವ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಅವಳ ಮಗಳು ಶಾರದಾ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕೇಳಿ ಕೇಳಿ ಮನೆ ಹುಡುಕಿದೆವು. ಕ್ಯಾಸೆಟ್ಟು ಇದೆಯೇ ಎಂದಾಗ ಅವಳು ಮಾತಾಡದೆ ದೇವರ ಜಗಲಿ ತೋರಿಸಿದಳು. ದೇವರ ಮೂರ್ತಿಗಳ ಬದಿಯಲ್ಲಿ ಅರಿಷಿಣ ಕುಂಕುಮ ಹಚ್ಚಿದ ಒಂದು ಕ್ಯಾಸೆಟ್ಟು, ಮೇಲೊಂದು ದಾಸವಾಳ.

“ಅವ್ವನ ದನಿ ಐತ್ರಿ ಅದ್ರಾಗ. ಫೋಟೋ ತಗಸಿರಲಿಲ್ಲ, ಇದನ್ನ ಪೂಜಾ ಮಾಡತೇವಿ. ಆಕಿ ಹ್ವಾದ ಮ್ಯಾಲೆ ಹಚ್ಚಿಲ್ಲ. ಟೇಪ್ ಸುತ್ತಿಕೊಂಡು ಹರದ್ರ?”

ಅವಳ ಹೆದರಿಕೆ ಸುಳ್ಳಲ್ಲ. ಹಳೆಯ ಟೇಪು ಯಂತ್ರದಲ್ಲಿ ಸಿಕ್ಕಿ ಹರಿದರೆ ಅಲ್ಲಿಗೆ ಮುಗಿಯಿತು. ನಮ್ಮ ನಿರಪರಾಧಿತ್ವ ತೋರಿಸಲು ಇನ್ನೊಬ್ಬರ ತಾಯಿಯನ್ನು ಎರಡನೆಯ ಸಲ ಕಳೆಯುವ ಹಕ್ಕು ನಮಗೆಲ್ಲಿದೆ? ನಾನು ಗಂಗವ್ವ ಆಯಿಯ ಸಂಗತಿ ಹೇಳಿದೆ, ಸೋಮವಾರದ ತೊಟ್ಟಿಲ ವಿಷಯ ಹೇಳಿದೆ, ನಾನು ಕತ್ತರಿಸಿದ್ದನ್ನೂ ಹೇಳಿದೆ. ಆಮೇಲೆ ಫೋನಿನಲ್ಲಿ ಆ ಹದಿನಾಲ್ಕನೆಯ ತುಂಡನ್ನು ಹಚ್ಚಿದೆ. “ಆಕಿನ್ನ ನೆನಸಿ ಹಾಡತೇನಿ” ಎಂಬಲ್ಲಿಗೆ ಶಾರದಾ ಸೆರಗು ಬಾಯಿಗೆ ಒತ್ತಿಕೊಂಡಳು.

“ಇಷ್ಟು ವರ್ಷ ಆಕಿ ನಮ್ಮವ್ವನ ಹೆಸರು ಹೇಳಾಕತ್ತಾಳೇನ್ರಿ?”

“ಹಾಡಿದಾಗೊಮ್ಮೆ.”

ಅವಳು ಎದ್ದು ಜಗಲಿಗೆ ಕೈಮುಗಿದು ಕ್ಯಾಸೆಟ್ಟು ತಂದು ನನ್ನ ಕೈಗಲ್ಲ, ದಸ್ತಗೀರಣ್ಣನ ಕೈಗೆ ಕೊಟ್ಟಳು. “ನಿಮ್ಮ ಅಪ್ಪಾರು ಕೊಟ್ಟದ್ದು. ನೀವ ಹಚ್ರಿ.”

ನಸೀಮಾ ಮೊದಲು ಬೇರೊಂದು ಕ್ಯಾಸೆಟ್ಟು ಹಚ್ಚಿ ಯಂತ್ರ ನುಂಗುವುದಿಲ್ಲವೆಂದು ಎರಡು ಸಲ ಪರೀಕ್ಷಿಸಿದಳು. ದಸ್ತಗೀರಣ್ಣ ಪೆನ್ಸಿಲ್ ತೂರಿಸಿ ಸಡಿಲಾದ ಟೇಪನ್ನು ಬಿಗಿಮಾಡಿದರು. ಒಂದೇ ಸಲ ಹಚ್ಚುವುದು, ಆಗಲೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ಎಂದು ಮಾತಾಗಿತ್ತು. ಗುಂಡಿ ಒತ್ತಿದರು. ಬರೀ ಸುರ್ರೆಂಬ ಸದ್ದು. ನಾನು ಮನಸ್ಸಿನಲ್ಲೇ ಎಣಿಸುತ್ತ ಹೋದೆ. ಇಪ್ಪತ್ತು, ಇಪ್ಪತ್ತೈದು, ಮೂವತ್ತು ಸೆಕೆಂಡ್. ಆಮೇಲೆ ಗಟ್ಟಿಯಾದ ಹೆಣ್ಣು ದನಿ ಬಂತು.

“ನಾ ಹಿರೇಕೆರೂರ ಚನ್ನವ್ವ. ತವರು ಸವಣೂರು. ಇದು ನಮ್ಮತ್ತಿ ಕೊಟ್ಟ ಹಾಡು. ನನ್ನ ಮಗಳು ಶಾರದಿ ಹುಟ್ಟಿದಾಗ ಉಡಿ ತುಂಬಿ ತಗೊಂಡೇನಿ. ಆಕಿನ್ನ ನೆನಸಿ ಹಾಡತೇನಿ.”

ಶಾರದಾ ನೆಲಕ್ಕೆ ಕೂತುಬಿಟ್ಟಳು. ಹಾಡು ಶುರುವಾಯಿತು.

*ಸವಣೂರ ಎಲಿ ತಂದೆ, ಶಿಗ್ಗಾಂವಿ ಅರಿಷಿಣ ತಂದೆ*
*ಕರಿಹಳ್ಳದ ನೀರ ಹೊತ್ತ ತಂದೆ – ನನ ಕಂದ*
*ಕಣ್ತೆರೆದು ಒಮ್ಮೆ ನಗಬೇಕ.*

ಧಾಟಿ ಅದೇ, ಮಾತು ಅದೇ. ಹಾಡು ಮುಗಿದ ಮೇಲೆ, ಟೇಪು ನಿಲ್ಲುವ ಮೊದಲು ಗಂಡು ದನಿಯೊಂದು, “ಭಾಳ ಚಲೋ ಆತವಾ, ಇನ್ನೊಂದು ಹಾಡ್ರಿ,” ಎಂದಿತು. ದಸ್ತಗೀರಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. ತಂದೆಯ ದನಿಯನ್ನು ಅವರು ಕೇಳಿ ಎಷ್ಟು ವರ್ಷವಾಗಿತ್ತೋ ನಾನು ಕೇಳಲಿಲ್ಲ. ಆ ದಿನ ಟೇಪು ಹರಿಯಲಿಲ್ಲ. ನನ್ನ ಪುಟ್ಟ ದಯೆಗಳ ಪಟ್ಟಿಯಲ್ಲಿ ಅದು ಎಂದೂ ಮೇಲೆಯೇ ಇರುತ್ತದೆ.

ಅದೇ ಮಧ್ಯಾಹ್ನ ಶಾರದಾ ತನ್ನ ತಾಯಿಯ ಮರಣ ಪ್ರಮಾಣಪತ್ರದ ಪ್ರತಿ ಕೊಟ್ಟಳು. ದನಿ ತಾಯಿಯದೇ ಎಂದು ತನ್ನ ಕೈಯಿಂದ ಬರೆದು ಸಹಿ ಮಾಡಿದಳು. ಗುರುವಾರ ನಸೀಮಾ ಎಲ್ಲವನ್ನೂ ಸೇರಿಸಿ ಸ್ಟ್ರೀಮಿಂಗ್ ಸಂಸ್ಥೆಗೆ ಕಳಿಸಿದಳು. ‘ರಚನೆ’ ಖಾನೆಯನ್ನು ನಾನೇ ತಿದ್ದಿದೆ. ‘ಸಂಪ್ರದಾಯದ ಹಾಡು. ಚನ್ನವ್ವನ ಅತ್ತೆಯಿಂದ ಚನ್ನವ್ವನಿಗೆ, ಅವಳಿಂದ ಗಂಗವ್ವನಿಗೆ.’ ಹನುಮಪ್ಪ ಬೇಸರ ಮಾಡಿಕೊಳ್ಳುವುದಿಲ್ಲ ಎಂಬ ಧೈರ್ಯ ನನಗಿತ್ತು.

ಶುಕ್ರವಾರ ಮ್ಯಾನೇಜರು ತಾವಾಗಿಯೇ ಫೋನ್ ಮಾಡಿದರು. ಈಗ ನಗುವಿರಲಿಲ್ಲ.

“ಮೇಡಂ, ಇದನ್ನ ದೊಡ್ಡದು ಮಾಡೋದು ಬೇಡ. ನಮ್ಮ ಕವಿಗಳ ಹೆಸರೂ ಇರಲಿ, ಕೆಳಗೆ ‘ಪ್ರೇರಣೆ: ಗಂಗವ್ವ’ ಅಂತ ಹಾಕ್ತೀವಿ. ಗೌರವ ಕೊಟ್ಟ ಹಾಗಾಗತ್ತೆ.”

“ಒಂದು ಮಾತು ಕೇಳಲೇನ್ರಿ? ನಿಮ್ಮ ಹಾಡಿನ್ಯಾಗ ಕರಿಹಳ್ಳ ಅಂತ ಐತಲ್ರಿ, ಎಲ್ಲೈತ್ರಿ ಅದು?”

“ಅದು… ಕವಿಕಲ್ಪನೆ ಇರಬೇಕು.”

“ಚನ್ನವ್ವನ ಗಂಡನ ಮನಿ ಹಿಂದ ಐತ್ರಿ. ಮೊನ್ನೆ ಅದ್ರಾಗ ಕಾಲು ತೊಳಕೊಂಡು ಬಂದೇನಿ. ಬ್ಯಾಸಗಿ, ನೀರು ಕಡಿಮಿ ಐತಿ.”

ಅವರು ಮಾತು ಬದಲಿಸಿದರು. ಹೀಗೆ ಹಟ ಹಿಡಿದರೆ ಓಣಿಪದದಂಥ ಸಣ್ಣ ಕಂಪನಿಗೆ ಮುಂದೆ ಕಷ್ಟವಾಗಬಹುದು ಎಂದರು. ಬೆದರಿಕೆಯನ್ನು ಸಕ್ಕರೆ ಪಾಕದಲ್ಲಿ ಅದ್ದಿ ಕೊಟ್ಟಂತಿತ್ತು.

“ಹದಿನೆಂಟು ವರ್ಷದ ಹಿಂದ ಸತ್ತಾಕಿ ಹ್ವಾದ ವರ್ಷದ ನಿಮ್ಮ ಹಾಡು ಹೆಂಗ ಕದ್ದಾಳು ಹೇಳ್ರಿ,” ಎಂದೆ. “ಪ್ರೇರಣೆ ಬ್ಯಾಡ, ಗೌರವ ಬ್ಯಾಡ. ದೂರು ತಗೀರಿ. ತಗದೇವಂತ ಕಾಗದದ ಮ್ಯಾಲೆ ಬರದು ಕೊಡ್ರಿ. ಅದನ್ನ ನಾ ನಳದ ಹತ್ತಿರ ಓದೂದೈತಿ.”

ಫೋನು ಇಟ್ಟೆ. ದಸ್ತಗೀರಣ್ಣ ನೀರಿನ ತಂಬಿಗೆ ಮುಂದಿಟ್ಟರು. “ಅಕ್ಕಾರ, ಕಂಪನಿ ಹ್ವಾದ್ರೂ ಹೋಗಲಿ,” ಎಂದರು, “ಮತ್ತ ಮೆಮೊರಿ ಕಾರ್ಡ್ ತುಂಬಿದರಾತು.” ಮಂಗಳವಾರ ಅದೇ ಕೋಣೆಯಲ್ಲಿ ಬೇರೆ ಮಾತು ಆಡಿದ್ದವರು ಅವರೇ. ಬುಧವಾರ ಅವರು ತಮ್ಮ ತಂದೆಯ ದನಿ ಕೇಳಿದ್ದರು.

ಶನಿವಾರ ಸಂಜೆ ನಾನು ಗುಡಿಯಲ್ಲಿದ್ದಾಗ ಸಂದೇಶ ಬಂತು. ದೂರು ಹಿಂತೆಗೆದಿದ್ದಾರೆ, ಹನ್ನೊಂದು ಹಾಡೂ ಮರಳಿವೆ. ಕ್ಷಮೆ ಕೇಳಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲಿನ ಇಮೇಲು, ಅಷ್ಟೇ. ಅವರ ಆಲ್ಬಂ ಇಂದಿಗೂ ಅಲ್ಲೇ ಇದೆ. ಕವಿಯ ಹೆಸರು ಹೋಗಿ ‘ಜಾನಪದ’ ಎಂದಾಗಿದೆ. ಪೂರ್ತಿ ಗೆದ್ದೆವು ಎನ್ನಲಾರೆ. ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಂಡೆ.

ಭಾನುವಾರ ಆ ಎರಡು ಸಾಲಿನ ಪ್ರಿಂಟು ಹಿಡಿದು ತಿಳವಳ್ಳಿಯ ಬಸ್ಸು ಹತ್ತಿದೆ. ನೇರ ನಳದ ಹತ್ತಿರ ಹೋದೆ. ಕೊಡ ಹಿಡಿದ ಏಳೆಂಟು ಹೆಂಗಸರ ಮುಂದೆ ಅದನ್ನು ಕನ್ನಡದಲ್ಲಿ ಹೇಳಿದೆ. ಮೊದಲು ಕುಟುಕಿದ್ದವಳು, “ನಾ ಚ್ಯಾಷ್ಟಿಗಿ ಅಂದಿದ್ದೆ ಬಿಡ್ರಿ,” ಎಂದಳು. “ಹಂಗಿದ್ರ ಆಯಿನ್ನ ಕರಿಯಾಕ ನೀನ ನಡಿ,” ಎಂದೆ. ಬಂದಳು, ಪುಣ್ಯಾತ್ಗಿತ್ತಿ.

ಆಯಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನನಗೇ ಕೊಟ್ಟಳು. “ಇದು ನನಗ್ಯಾಕವ್ವ? ಚನ್ನಿ ಹೆಸರು ಯಾಕ ತಗದಿದ್ದಿ, ಅದನ್ನ ಹೇಳು.”

ಮೂವತ್ತು ಸೆಕೆಂಡಿನ ನಿಯಮವನ್ನು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. “ತಪ್ಪಾತು ಆಯಿ,” ಎಂದೆ.

“ಕೊಟ್ಟಾಕಿ ಹೆಸರು ಕೇಳೂ ಪುರುಸೊತ್ತಿಲ್ಲದವರು ಹಾಡು ಕೇಳಿ ಏನ ಮಾಡ್ಯಾರು? ಹೋಗವಲ್ರ್ಯಾಕ!”

ಸೋಮವಾರ ಗೌಡರ ಮನೆಯಲ್ಲಿ ತೊಟ್ಟಿಲ ಬಳಿ ಅವಳು ನಿಂತಳು. ಕೂಸು ಅಳುತ್ತಿತ್ತು, ಹೆಂಗಸರು ಅವಸರ ಮಾಡುತ್ತಿದ್ದರು. ಆಯಿ ಯಾರಿಗೂ ಸೊಪ್ಪು ಹಾಕಲಿಲ್ಲ. ಹಿರೇಕೆರೂರ ಚನ್ನವ್ವ, ಅವಳ ತವರು, ಅವಳ ಅತ್ತೆ, ಎಲ್ಲವನ್ನೂ ನಿಧಾನವಾಗಿ ಹೇಳಿ, ಈ ಸಲ ಕೊನೆಗೆ ಇನ್ನೊಂದು ಹೆಸರು ಸೇರಿಸಿದಳು, “ಸವಣೂರ ಸಾಹೇಬರು ಪೆಟಿಗ್ಯಾಗ ಇಟ್ಟು ಕಾದದ್ದು.” ಆಮೇಲೆಯೇ ಹಾಡು.

ಆ ವಾರದಿಂದ ‘ಕೌದಿ’ ಫೋಲ್ಡರಿನ ತುಂಡುಗಳನ್ನು ಒಂದೊಂದಾಗಿ ಹಾಡುಗಳಿಗೆ ಮರಳಿ ಹೊಲಿಯುತ್ತಿದ್ದೇನೆ. ಕೇಳುವವರು ಕಡಿಮೆಯಾದರು ಎಂದು ನಸೀಮಾ ತಿಂಗಳಿಗೊಮ್ಮೆ ಹೇಳುತ್ತಾಳೆ, ಆದರೆ ತೆಗೆಯಿರಿ ಎನ್ನುವುದಿಲ್ಲ. ದೊಡ್ಡ ಸಂಸ್ಥೆಯವರು ಎರಡು ಸಲ ಬರೆದರು, ಮೊದಲ ಮಾತು ಕತ್ತರಿಸಿದರೆ ನಮ್ಮ ಹಾಡು ಮುಂದೆ ಬರುತ್ತದೆಯಂತೆ. ಎರಡೂ ಸಲ ಆಗುವುದಿಲ್ಲ ಎಂದು ನಾನೇ ಉತ್ತರ ಬರೆದೆ, ಕನ್ನಡದಲ್ಲಿ. ಶಿಗ್ಗಾಂವಿಯ ಕೋಣೆ ಇನ್ನೂ ಗಿರಣಿಯ ಮೇಲೆಯೇ ಇದೆ. ಈ ಕೆಲಸ ನನಗೆ ಕಲಿಸಿದ್ದು ಒಂದೇ. ದೇವರು ಬಾಯಲ್ಲಿ ಇಟ್ಟಿದ್ದು ನಿಜವಿರಬಹುದು, ಆದರೆ ಅದನ್ನು ನಮ್ಮವರೆಗೆ ಹೊತ್ತು ತಂದ ಹೆಂಗಸರಿಗೆ ಹೆಸರಿದೆ, ಊರಿದೆ. ಚೀಟಿಯಲ್ಲಿ ಅದಕ್ಕೆ ಜಾಗ ಸಾಲದಿದ್ದರೆ ಚೀಟಿಯನ್ನೇ ದೊಡ್ಡದು ಮಾಡಬೇಕು.

ಆ ಸೋಮವಾರ ತಿಳವಳ್ಳಿಯಿಂದ ಮನೆಗೆ ಬಂದಾಗ ಶಾವಿಗೆಯ ಕೋಲುಗಳು ವಾರದಿಂದ ಮಾಳಿಗೆಯ ಮೇಲೆಯೇ ಇದ್ದವು. ಅರ್ಧಕ್ಕೆ ಬಿಟ್ಟ ಹಿಟ್ಟನ್ನು ನಮ್ಮವರು ಎಮ್ಮೆಗೆ ಇಟ್ಟಿದ್ದರಂತೆ. ಒಣಗಿದ್ದರಲ್ಲಿ ಕಾಗೆ ತನ್ನ ಪಾಲು ತೆಗೆದುಕೊಂಡಿತ್ತು, ಉಳಿದದ್ದು ಒಂದು ಡಬ್ಬಿಗೆ ಸಾಲುವಷ್ಟು. ಅದನ್ನು ಮುರಿಯದಂತೆ ತುಂಬಿ, ಮುಚ್ಚಳ ಹಾಕಿ, ಮೇಲೆ ಚೀಟಿ ಅಂಟಿಸಿದೆ. ಆಮೇಲೆ ಹುಣಸೆಹಣ್ಣು ನೆನೆಹಾಕಿ ದೇವರ ಸಾಮಾನು ತಿಕ್ಕಲು ಕುಳಿತೆ. ದೀಪ ಹಚ್ಚುವ ಹೊತ್ತಾಗಿತ್ತು.